ಕೋಡ್‌ಗೆ ಸರಿ, ಆದರೆ ಆ ಜಾಗಕ್ಕೆ ಸರಿಯಾ? ಒತ್ತಡ ಹೊರುವ ಪೈಪ್ ಫಿಟ್ಟಿಂಗ್‌ಗಳ ಮೆಟೀರಿಯಲ್ ಆಯ್ಕೆ

(ಪೈಪಿಂಗ್ ವಿನ್ಯಾಸ, ಖರೀದಿ ಮತ್ತು ಮೇಂಟೆನೆನ್ಸ್‌ನಲ್ಲಿ ಕೆಲಸ ಮಾಡುವವರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ.

2019ರ ಜೂನ್ 21, ಬೆಳಗಿನ ಜಾವ. ಅಮೆರಿಕದ ಫಿಲಡೆಲ್ಫಿಯಾದ ರಿಫೈನರಿಯಲ್ಲಿ ಒಂದು ಎಲ್ಬೋ, ಅಂದರೆ ಪೈಪ್ ತಿರುಗುವ ಕಡೆ ಹಾಕುವ ಬಾಗಿದ ಫಿಟ್ಟಿಂಗ್, ಒಡೆಯಿತು. ಹೈಡ್ರೋಫ್ಲೋರಿಕ್ ಆಮ್ಲ ಬಳಸುವ ಆಲ್ಕೈಲೇಶನ್ ಘಟಕ ಅದು. ಲೈನಿನೊಳಗೆ ಹೆಚ್ಚಿನಂಶ ಪ್ರೊಪೇನ್, ಜೊತೆಗೆ ಸ್ವಲ್ಪ ಆಮ್ಲ. ಹೊರಬಂದ ಅನಿಲಕ್ಕೆ ಬೆಂಕಿ ಹತ್ತಿತು. ಒಂದಾದ ಮೇಲೊಂದು ಸ್ಫೋಟ ಆಯಿತು. ಸುಮಾರು 17 ಟನ್ ತೂಕದ ಪಾತ್ರೆಯ ತುಂಡೊಂದು ಹಾರಿ ಷೂಲ್ಕಿಲ್ ನದಿಯ ಆಚೆ ದಡಕ್ಕೆ ಹೋಗಿ ಬಿತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಆದರೆ ಆ ರಿಫೈನರಿ ಮತ್ತೆ ಶುರುವಾಗಲೇ ಇಲ್ಲ.

ತನಿಖೆ ಮಾಡಿದ್ದು ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್. ಒಡೆದ ಜಾಗದಲ್ಲಿ ಎಲ್ಬೋ ಗೋಡೆ ಬರೀ 0.012 ಇಂಚು ಉಳಿದಿತ್ತು, ಅಂದರೆ 0.3 ಮಿಲಿಮೀಟರ್. ಪಕ್ಕದ ಪೈಪ್ ತುಂಡುಗಳು ಮಾತ್ರ ಇನ್ನೂ ಗಟ್ಟಿಯಾಗಿ, ದಪ್ಪವಾಗಿಯೇ ಇದ್ದವು. ಒಂದೇ ಲೈನ್, ಒಂದೇ ದ್ರವ, ಒಂದೇ ಒತ್ತಡ. ವ್ಯತ್ಯಾಸ ಇದ್ದದ್ದು ಲೋಹದಲ್ಲಿ. ಆ ಎಲ್ಬೋದಲ್ಲಿ ನಿಕ್ಕಲ್ ಶೇಕಡಾ 1.74, ತಾಮ್ರ ಶೇಕಡಾ 0.84 ಇತ್ತು. ಹೈಡ್ರೋಫ್ಲೋರಿಕ್ ಆಮ್ಲ ಇರುವ ಕಡೆ ಇಂಥ ಕಾರ್ಬನ್ ಸ್ಟೀಲ್ ಬೇಗ ಸವೆಯುತ್ತದೆ. ದಪ್ಪ ಅಳೆಯುತ್ತಿದ್ದ ಜಾಗಗಳ ಪಟ್ಟಿಯಲ್ಲಿ ಆ ಎಲ್ಬೋ ಇರಲಿಲ್ಲ.

ನನಗೆ ಈ ಘಟನೆಯಲ್ಲಿ ಬಹಳ ಕಾಡುವ ಸಂಗತಿ ಬೇರೆ ಇದೆ. ಆ ಎಲ್ಬೋ 1973ರ ಸುಮಾರಿಗೆ ಹಾಕಿದ್ದು. ಆಗಿನ ಸ್ಟ್ಯಾಂಡರ್ಡ್ ಇಟ್ಟುಕೊಂಡು ನೋಡಿದರೆ ಅದು ಕಳಪೆ ಮಾಲೂ ಅಲ್ಲ, ನಕಲಿ ಮಾಲೂ ಅಲ್ಲ. ಅದರ ಮೆಟೀರಿಯಲ್ ಸ್ಟ್ಯಾಂಡರ್ಡ್ ಎಎಸ್‌ಟಿಎಂ ಎ234, ಗ್ರೇಡ್ ಡಬ್ಲ್ಯುಪಿಬಿ. (ಮುಂದೆ ನಾನು ಹೇಳುವ ಎ ಅಕ್ಷರದ ಸಂಖ್ಯೆಗಳೆಲ್ಲ ಎಎಸ್‌ಟಿಎಂನ ಮೆಟೀರಿಯಲ್ ಸ್ಟ್ಯಾಂಡರ್ಡ್‌ಗಳು.) ಅದಕ್ಕೆ ಆಗ ತಾಮ್ರ, ನಿಕ್ಕಲ್ ಇಷ್ಟೇ ಇರಬೇಕು ಅನ್ನುವ ಮಿತಿ ಇರಲಿಲ್ಲ. ಮಿತಿ ಬಂದದ್ದು ಆಮೇಲೆ. ಈಗ ಎರಡಕ್ಕೂ ತಲಾ ಶೇಕಡಾ 0.40. ಅಂದರೆ ಕೋಡ್‌ಗೆ (ನಿಯಮಪುಸ್ತಕಕ್ಕೆ) ಸರಿಯಾದ ಒಂದು ಎಲ್ಬೋ ಆ ಜಾಗಕ್ಕೆ ಸರಿಯಾಗಿರಲಿಲ್ಲ.

ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇದೇ. "ಇದು ಕೋಡ್‌ಗೆ ಸರಿಯಾ?" ಅನ್ನುವುದು ಒಂದು ಪ್ರಶ್ನೆ. "ಇದು ಈ ಜಾಗಕ್ಕೆ ಸರಿಯಾ?" ಅನ್ನುವುದು ಇನ್ನೊಂದು. ನಾವು ಮೊದಲನೆಯದನ್ನು ಕೇಳಿ, ಉತ್ತರ ಸಿಕ್ಕಿತು ಅಂತ ಫೈಲ್ ಮುಚ್ಚಿಬಿಡುತ್ತೇವೆ. ಎರಡನ್ನೂ ಕೇಳಬೇಕು. ಲೈನಿಗೆ ಒಮ್ಮೆ ಕೇಳಿದರೆ ಸಾಲದು. ಪ್ರತಿ ಎಲ್ಬೋ, ಟೀ (ಕವಲು), ರೆಡ್ಯೂಸರ್ (ಅಳತೆ ಬದಲಿಸುವುದು), ಕಪ್ಲಿಂಗ್‌ಗೂ (ಎರಡು ಪೈಪ್ ಸೇರಿಸುವುದು) ಕೇಳಬೇಕು.

ಮೊದಲು ಕೋಡ್ ಎಲ್ಲಿಂದ ಬಂತು ಅಂತ ಎರಡು ಮಾತು. 1905ರ ಮಾರ್ಚ್ 20ರಂದು ಅಮೆರಿಕದ ಬ್ರಾಕ್ಟನ್‌ನಲ್ಲಿ ಒಂದು ಶೂ ಕಾರ್ಖಾನೆಯ ಬಾಯ್ಲರ್ ಸಿಡಿದು 58 ಜನ ಸತ್ತರು. ಆ ಕಾಲದಲ್ಲಿ ಬಾಯ್ಲರ್ ಸಿಡಿಯುವುದು ಅಪರೂಪದ ಸುದ್ದಿಯೇ ಆಗಿರಲಿಲ್ಲ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಎಎಸ್‌ಎಂಇಯ ಮೊದಲ ಬಾಯ್ಲರ್ ಕೋಡ್ 1914ರ ಆವೃತ್ತಿಯಾಗಿ ಬಂತು. ಪೈಪಿಂಗ್‌ಗೆ ಬಿ31 ಅನ್ನುವ ಕೆಲಸ 1926ರಲ್ಲಿ ಶುರುವಾಗಿ 1935ರಲ್ಲಿ ಪುಸ್ತಕವಾಯಿತು. ಇವತ್ತು ಪವರ್ ಪ್ಲಾಂಟ್ ಪೈಪಿಂಗ್‌ಗೆ ಬಿ31.1, ಕೆಮಿಕಲ್ ಮತ್ತು ರಿಫೈನರಿಗೆ ಬಿ31.3. ನಾನು ಹೆಚ್ಚಾಗಿ ಬಿ31.3 ಇಟ್ಟುಕೊಂಡೇ ಮಾತಾಡುತ್ತೇನೆ.

ಬಿ31.3 ಮೆಟೀರಿಯಲ್‌ಗಳನ್ನು ಹೇಗೆ ನೋಡುತ್ತದೆ? ಕೆಲವು ಮೆಟೀರಿಯಲ್‌ಗಳು ಅದರ ಪಟ್ಟಿಯಲ್ಲೇ ಇವೆ. ಪ್ರತಿಯೊಂದಕ್ಕೂ ಯಾವ ತಾಪದಲ್ಲಿ ಎಷ್ಟು ಸ್ಟ್ರೆಸ್ (ಲೋಹದೊಳಗಿನ ಎಳೆತ) ಒಪ್ಪಬಹುದು ಅಂತ ಕೊಟ್ಟಿದೆ. ಪಟ್ಟಿಯಲ್ಲಿಲ್ಲದ್ದನ್ನೂ ಬಳಸಬಹುದು, ಆದರೆ ಅದು ಪ್ರಕಟವಾದ ಒಂದು ಸ್ಪೆಸಿಫಿಕೇಶನ್‌ಗೆ ಸರಿಹೊಂದಬೇಕು, ಅದರ ಸ್ಟ್ರೆಸ್ ಮಿತಿಯನ್ನು ಕೋಡ್ ಹೇಳಿದ ರೀತಿಯಲ್ಲೇ ಲೆಕ್ಕ ಹಾಕಬೇಕು. ಮೂರನೆಯದು ಯಾವ ಸ್ಪೆಸಿಫಿಕೇಶನ್ ಅಂತಲೇ ಗೊತ್ತಿಲ್ಲದ ಮೆಟೀರಿಯಲ್. ಅದನ್ನು ಒತ್ತಡ ಹೊರುವ ಯಾವ ಭಾಗಕ್ಕೂ ಬಳಸುವಂತಿಲ್ಲ. ಇಲ್ಲಿ ಕೋಡ್ ಯಾವ ಸಂದೂ ಬಿಟ್ಟಿಲ್ಲ.

ಸ್ಟ್ರೆಸ್ ಮಿತಿ ಎಲ್ಲಿಂದ ಬರುತ್ತದೆ ಅಂತ ಒಂದು ಸಲ ಕೈಯಾರೆ ಲೆಕ್ಕ ಹಾಕಿ ನೋಡಿ, ಕೋಷ್ಟಕದ ಭಯ ಹೋಗುತ್ತದೆ. ಮಾಮೂಲಿ ತಾಪದಲ್ಲಿ ಎರಡು ಸಂಖ್ಯೆ ತೆಗೆದುಕೊಳ್ಳಿ: ಟೆನ್ಸೈಲ್ ಬಲದ (ಎಳೆದಾಗ ಲೋಹ ತುಂಡಾಗುವ ಮಿತಿ) ಮೂರನೇ ಒಂದು ಭಾಗ, ಯೀಲ್ಡ್ ಬಲದ (ಮತ್ತೆ ಮೊದಲಿನಂತಾಗದ ಹಾಗೆ ಹಿಗ್ಗಲು ಶುರುವಾಗುವ ಮಿತಿ) ಮೂರನೇ ಎರಡು ಭಾಗ. ಯಾವುದು ಕಡಿಮೆಯೋ ಅದು. ಎ106 ಗ್ರೇಡ್ ಬಿ ಕಾರ್ಬನ್ ಸ್ಟೀಲ್ ಪೈಪಿಗೆ ಟೆನ್ಸೈಲ್ ಕನಿಷ್ಠ 415 ಮೆಗಾಪಾಸ್ಕಲ್. ಮೂರರಿಂದ ಭಾಗಿಸಿದರೆ 138. ಕೋಷ್ಟಕದಲ್ಲೂ 138 ಅಂತಲೇ ಇದೆ. ಈಗ 304ಎಲ್ ಸ್ಟೇನ್‌ಲೆಸ್ ನೋಡಿ. ಟೆನ್ಸೈಲ್ 485, ಆದರೆ ಯೀಲ್ಡ್ 170 ಅಷ್ಟೆ. ಅದರ ಮೂರನೇ ಎರಡು ಭಾಗ ಸುಮಾರು 113. ಅಂದರೆ ಕಾರ್ಬನ್ ಸ್ಟೀಲ್‌ಗಿಂತ ಕಡಿಮೆ! ದುಬಾರಿ, ಹೊಳೆಯುವ ಸ್ಟೇನ್‌ಲೆಸ್ ಅಂದ ಕೂಡಲೇ ಜಾಸ್ತಿ ಗಟ್ಟಿ ಅಂದುಕೊಳ್ಳುತ್ತೇವೆ ಅಲ್ವಾ? ಮಾಮೂಲಿ ತಾಪದಲ್ಲಿ ಹಾಗಲ್ಲ.

ಇದರ ಪರಿಣಾಮ ಫ್ಲ್ಯಾಂಜ್ (ಬೋಲ್ಟ್ ಹಾಕಿ ಪೈಪ್ ಜೋಡಿಸುವ ಚಪ್ಪಟೆ ಬಳೆ) ಕೋಷ್ಟಕದಲ್ಲಿ ಕಣ್ಣಿಗೆ ಹೊಡೆಯುತ್ತದೆ. ಫ್ಲ್ಯಾಂಜ್‌ಗಳ ಸ್ಟ್ಯಾಂಡರ್ಡ್ ಬಿ16.5 ಪ್ರಕಾರ ಕ್ಲಾಸ್ 150, ಕಾರ್ಬನ್ ಸ್ಟೀಲ್ ಎ105 ಫ್ಲ್ಯಾಂಜ್ 38 ಡಿಗ್ರಿ ಸೆಲ್ಸಿಯಸ್‌ನಲ್ಲಿ 19.6 ಬಾರ್ ಹೊರುತ್ತದೆ. ಅದೇ ಕ್ಲಾಸ್ 150, 316ಎಲ್ ಸ್ಟೇನ್‌ಲೆಸ್ ಆದರೆ 15.9 ಬಾರ್. "ಕಾರ್ಬನ್ ಸ್ಟೀಲ್ ಸಿಗಲಿಲ್ಲ, ಅದಕ್ಕಿಂತ ಒಳ್ಳೆಯದೇ ಹಾಕಿದ್ದೇವೆ" ಅಂತ 18 ಬಾರ್ ಡಿಸೈನ್ ಒತ್ತಡದ ಲೈನಿಗೆ 316ಎಲ್ ಫ್ಲ್ಯಾಂಜ್ ಕೂರಿಸಿದರೆ ಆ ಲೈನ್ ಕೋಡ್‌ನಿಂದ ಆಚೆ ಹೋಯಿತು. ಯಾರೂ ಮೋಸ ಮಾಡಿಲ್ಲ, ಕಳಪೆ ಮಾಲು ತಂದಿಲ್ಲ. ಆದರೂ ತಪ್ಪಾಯಿತು.

ಇನ್ನು ಕ್ಲಾಸ್ ಸಂಖ್ಯೆ. 150 ಅಂದರೆ 150 ಪಿಎಸ್‌ಐ ಅಂದುಕೊಳ್ಳುವವರು ಇವತ್ತಿಗೂ ಇದ್ದಾರೆ. ಅದು ಕ್ಲಾಸಿನ ಹೆಸರು ಅಷ್ಟೆ. ಎಷ್ಟು ಒತ್ತಡ ಅನ್ನುವುದು ತಾಪದ ಜೊತೆ ಇಳಿಯುತ್ತಾ ಹೋಗುತ್ತದೆ. ಅದೇ ಎ105 ಫ್ಲ್ಯಾಂಜ್ 200 ಡಿಗ್ರಿಯಲ್ಲಿ 13.8 ಬಾರ್, 300 ಡಿಗ್ರಿಯಲ್ಲಿ 10.2, 400 ಡಿಗ್ರಿಯಲ್ಲಿ 6.5. ಮೊದಲು ಇದ್ದದ್ದರ ಮೂರನೇ ಒಂದು ಭಾಗಕ್ಕೆ ಬಂತು ನೋಡಿ. 425 ಡಿಗ್ರಿ ದಾಟಿದ ಮೇಲೆ ಇನ್ನೊಂದು ಕಷ್ಟ. ಅಲ್ಲಿ ವರ್ಷಗಟ್ಟಲೆ ಇಟ್ಟರೆ ಕಾರ್ಬನ್ ಸ್ಟೀಲ್‌ನೊಳಗಿನ ಕಾರ್ಬೈಡ್ ಒಡೆದು ಗ್ರಾಫೈಟ್ ಆಗಬಹುದು, ಲೋಹ ಪೆಡಸಾಗುತ್ತದೆ. ಅಂಥ ಕಡೆಗೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಕ್ರೋಮ್-ಮಾಲಿ ಸ್ಟೀಲ್ ಬೇಕು: ಫೋರ್ಜಿಂಗ್‌ನಲ್ಲಿ (ಕಾಯಿಸಿ ಬಡಿದು ರೂಪ ಕೊಟ್ಟದ್ದು) ಎ182ರ ಎಫ್11, ಎಫ್22, ಎಫ್91 ಇಂಥವು.

ಫೋರ್ಜ್ಡ್ ಫಿಟ್ಟಿಂಗ್‌ಗಳ 3000, 6000 ಕ್ಲಾಸ್ ಕೂಡ ಹೀಗೆಯೇ. ಅವುಗಳ ಸ್ಟ್ಯಾಂಡರ್ಡ್ ಬಿ16.11ರಲ್ಲಿ ಕ್ಲಾಸ್ 3000 ಸಾಕೆಟ್ ವೆಲ್ಡ್ ಫಿಟ್ಟಿಂಗ್ (ಪೈಪನ್ನು ಒಳಗೆ ತೂರಿಸಿ ವೆಲ್ಡ್ ಮಾಡುವುದು) ಷೆಡ್ಯೂಲ್ 80 ಪೈಪಿಗೆ ಜೋಡಿ. ಷೆಡ್ಯೂಲ್ ಅಂದರೆ ಪೈಪ್ ಗೋಡೆಯ ದಪ್ಪ ಹೇಳುವ ಸಂಖ್ಯೆ. ಅದೇ ಕ್ಲಾಸ್ 3000 ಥ್ರೆಡೆಡ್ ಆದರೆ ಷೆಡ್ಯೂಲ್ 160ಕ್ಕೆ. ಸಂಖ್ಯೆ ಒಂದೇ, ಲೆಕ್ಕ ಬೇರೆ. ಬಟ್ ವೆಲ್ಡ್ (ಅಂಚಿಗೆ ಅಂಚು ಸೇರಿಸಿ ವೆಲ್ಡ್ ಮಾಡುವ) ಫಿಟ್ಟಿಂಗ್‌ಗಳಿಗೆ ಬಿ16.9 ಹೇಳುವುದು ಇನ್ನೂ ಸರಳ: ಅದೇ ಅಳತೆಯ, ಅದೇ ದಪ್ಪದ, ಅದಕ್ಕೆ ಸಮನಾದ ಮೆಟೀರಿಯಲ್‌ನ ಸೀಮ್‌ಲೆಸ್ (ಬೆಸುಗೆ ಗೆರೆ ಇಲ್ಲದ) ಪೈಪ್ ಎಷ್ಟು ಹೊರುತ್ತದೋ ಫಿಟ್ಟಿಂಗ್ ಅಷ್ಟು ಹೊರಬೇಕು. ಎ106 ಗ್ರೇಡ್ ಬಿ ಪೈಪಿಗೆ ಎ234 ಡಬ್ಲ್ಯುಪಿಬಿ ಎಲ್ಬೋ, ಎ105 ಫೋರ್ಜಿಂಗ್. ಈ ಮೂರೂ ಒಂದೇ ಮನೆತನ.

ಸ್ಟೇನ್‌ಲೆಸ್ ಬಟ್ ವೆಲ್ಡ್ ಫಿಟ್ಟಿಂಗ್ ಕೊಳ್ಳುವವರಿಗೆ ಒಂದು ಕಿವಿಮಾತು. ಎ403ರಲ್ಲಿ ಡಬ್ಲ್ಯುಪಿ ಅಂತಲೂ ಸಿಆರ್ ಅಂತಲೂ ಎರಡು ಬಗೆ ಇವೆ. ಸಿಆರ್ ಬಗೆ ಎಂಎಸ್‌ಎಸ್ ಎಸ್‌ಪಿ-43 ಅನ್ನುವ ಸ್ಟ್ಯಾಂಡರ್ಡ್ ಪ್ರಕಾರದ ಹಗುರ ಫಿಟ್ಟಿಂಗ್. ಡಬ್ಲ್ಯುಪಿಗೆ ಕೇಳುವ ಪರೀಕ್ಷೆಗಳನ್ನು ಅದಕ್ಕೆ ಕೇಳುವುದಿಲ್ಲ. ಆರ್ಡರ್‌ನಲ್ಲಿ ಸುಮ್ನೆ "304 ಎಲ್ಬೋ" ಅಂತ ಬರೆದರೆ ಯಾವುದು ಬರುತ್ತದೋ ಹೇಳಲಾಗದು. ಡಬ್ಲ್ಯುಪಿ ಬೇಕಾದರೆ ಡಬ್ಲ್ಯುಪಿ ಅಂತಲೇ ಬರೆಯಿರಿ.

ಇನ್ನೊಂದು ನಿಯಮ, ಸಣ್ಣದು, ಆದರೆ ನನಗೆ ಬಹಳ ಇಷ್ಟವಾದದ್ದು. ಎಲ್ಬೋ, ಟೀಗಳನ್ನು ಉದ್ದನೆಯ ಬಾರ್‌ನಿಂದ (ಗಟ್ಟಿ ಲೋಹದ ಸರಳಿನಿಂದ) ನೇರವಾಗಿ ಕೊರೆದು ಮಾಡುವಂತಿಲ್ಲ. ಕಾರಣ ಲೋಹದೊಳಗೇ ಇದೆ. ಬಾರ್ ಎಳೆಯುವಾಗ ಉಕ್ಕಿನೊಳಗಿನ ಮ್ಯಾಂಗನೀಸ್ ಸಲ್ಫೈಡ್‌ನಂಥ ಕಲ್ಮಶಗಳೂ ಉದ್ದುದ್ದಕ್ಕೆ ಗೆರೆಗಳಾಗಿ ಎಳೆದುಕೊಳ್ಳುತ್ತವೆ. ಫೋರ್ಜ್ ಮಾಡಿದಾಗ ಆ ಗೆರೆಗಳು ಫಿಟ್ಟಿಂಗ್‌ನ ತಿರುವಿನ ಜೊತೆಗೇ ತಿರುಗುತ್ತವೆ. ಬಾರ್‌ನಿಂದ ಟೀ ಕೊರೆದರೆ ಒಂದು ಕಡೆ ಆ ಗೆರೆಗಳು ಒಳಗಿನಿಂದ ಹೊರಗಿನವರೆಗೆ ಅಡ್ಡಲಾಗಿ ಬಂದು ನಿಲ್ಲುತ್ತವೆ. ಒತ್ತಡದ ದ್ರವಕ್ಕೆ ದಾರಿ ಮಾಡಿಕೊಟ್ಟ ಹಾಗೆ. ರಾಸಾಯನಿಕ ಪರೀಕ್ಷೆ ಮಾಡಿದರೆ ಎರಡೂ ಎ105ರಂತೆಯೇ ಕಾಣುತ್ತವೆ. ಮೆಟೀರಿಯಲ್ ಅಂದರೆ ಕೇವಲ ರಸಾಯನ ಅಲ್ಲ, ಅದನ್ನು ಹೇಗೆ ಮಾಡಿದರು ಅನ್ನುವುದೂ ಅದರಲ್ಲಿ ಸೇರಿದೆ.

ಇಲ್ಲಿವರೆಗೆ ಹೇಳಿದ್ದು ಬಿಸಿ ಕಡೆಯ ಮಾತು. ತಣ್ಣನೆ ಕಡೆಯನ್ನು ನಾವು ಜಾಸ್ತಿ ಮರೆಯುತ್ತೇವೆ, ಹಾಗಾಗಿ ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಒಂದು ಪ್ರೊಪೇನ್ ಲೈನ್ ಅಂದುಕೊಳ್ಳಿ. ಬಿಸಿಲಿನ ಊರು, ಲೈನ್ ತಾಪ 35 ಡಿಗ್ರಿ. ಕಾರ್ಬನ್ ಸ್ಟೀಲ್ ಧಾರಾಳವಾಗಿ ಸಾಕು ಅನಿಸುತ್ತದೆ. ಒಂದು ದಿನ ಒತ್ತಡ ಬಿಡಬೇಕಾಗುತ್ತದೆ. ಒಳಗಿನ ದ್ರವ ಪ್ರೊಪೇನ್ ಕುದಿದು ಅನಿಲವಾಗಲು ಶುರುವಾಗುತ್ತದೆ. ವಾತಾವರಣದ ಒತ್ತಡದಲ್ಲಿ ಪ್ರೊಪೇನ್ ಕುದಿಯುವುದು ಮೈನಸ್ 42 ಡಿಗ್ರಿಯಲ್ಲಿ. ಅಂದರೆ ಹೊರಗೆ ಬಿಸಿಲು ಹೊಡೆಯುತ್ತಿದ್ದರೂ ಲೋಹ ಆ ತಾಪದ ಕಡೆಗೆ ಇಳಿಯುತ್ತದೆ. ಮಾಮೂಲಿ ಕಾರ್ಬನ್ ಸ್ಟೀಲ್ ಫಿಟ್ಟಿಂಗ್‌ಗಳಿಗೆ ಇಂಪ್ಯಾಕ್ಟ್ ಪರೀಕ್ಷೆ (ತಣ್ಣಗಿನ ಲೋಹವನ್ನು ಹೊಡೆದು ನೋಡುವುದು) ಇಲ್ಲದೆ ಕೊಡುವ ಮಿತಿ ಮೈನಸ್ 29. ಎ106 ಗ್ರೇಡ್ ಬಿ ಥರದ ಸ್ಟೀಲ್‌ನಲ್ಲಿ ಗೋಡೆ ದಪ್ಪ ಜಾಸ್ತಿ ಆದಂತೆ ಆ ಮಿತಿ ಮೈನಸ್ 29ಕ್ಕಿಂತ ಮೇಲೆ ಏರುತ್ತದೆ. ತಣ್ಣಗಾದ ಕಾರ್ಬನ್ ಸ್ಟೀಲ್ ಬಗ್ಗುವುದಿಲ್ಲ, ಗಾಜಿನ ಹಾಗೆ ಫಟ್ಟನೆ ಒಡೆಯುತ್ತದೆ. ಆ ಹೊತ್ತಿಗೆ ಆಪರೇಟರ್ ಮತ್ತೆ ಒತ್ತಡ ಏರಿಸಿದರೆ ಅಥವಾ ಬಿಸಿ ದ್ರವ ಬಿಟ್ಟರೆ ಏನಾಗಬಹುದು?

ಏನಾಗುತ್ತದೆ ಅಂತ 1998ರ ಸೆಪ್ಟೆಂಬರ್ 25ರಂದು ಆಸ್ಟ್ರೇಲಿಯಾದ ಲಾಂಗ್‌ಫೋರ್ಡ್ ಅನಿಲ ಘಟಕದಲ್ಲಿ ಗೊತ್ತಾಯಿತು. ಬಿಸಿ ಎಣ್ಣೆಯ ಹರಿವು ನಿಂತು ಒಂದು ಹೀಟ್ ಎಕ್ಸ್‌ಚೇಂಜರ್ ಅತಿಯಾಗಿ ತಣ್ಣಗಾಗಿತ್ತು. ಮತ್ತೆ ಬಿಸಿ ಎಣ್ಣೆ ಬಿಟ್ಟಾಗ ಅದು ಬಿರುಕು ಬಿಟ್ಟು ಒಡೆಯಿತು. ಇಬ್ಬರು ಸತ್ತರು. ವಿಕ್ಟೋರಿಯಾ ರಾಜ್ಯಕ್ಕೆ ಸುಮಾರು ಎರಡು ವಾರ ಗ್ಯಾಸ್ ಇರಲಿಲ್ಲ.

ಆದ್ದರಿಂದ ಮೆಟೀರಿಯಲ್ ಆರಿಸುವಾಗ ಕೇಳಬೇಕಾದ್ದು "ಈ ಲೈನ್ ಎಷ್ಟು ಡಿಗ್ರಿಯಲ್ಲಿ ಓಡುತ್ತದೆ?" ಅಂತ ಮಾತ್ರ ಅಲ್ಲ. "ಕೆಟ್ಟ ದಿನ ಬಂದರೆ ಎಷ್ಟಕ್ಕೆ ಇಳಿಯುತ್ತದೆ?" ಅಂತಲೂ ಕೇಳಿ. ಮೈನಸ್ 42ರ ಭಯ ಇದ್ದರೆ ಪೈಪಿಗೆ ಎ333 ಗ್ರೇಡ್ 6, ಬಟ್ ವೆಲ್ಡ್ ಫಿಟ್ಟಿಂಗ್‌ಗೆ ಎ420 ಡಬ್ಲ್ಯುಪಿಎಲ್6, ಫೋರ್ಜಿಂಗ್‌ಗೆ ಎ350 ಎಲ್‌ಎಫ್2. ಎಲ್‌ಎಫ್2 ಅನ್ನು ಮೈನಸ್ 46 ಡಿಗ್ರಿಯಲ್ಲಿ ಸುತ್ತಿಗೆಯಿಂದ ಹೊಡೆದು ಪರೀಕ್ಷೆ ಮಾಡಿರುತ್ತಾರೆ, ಸರಾಸರಿ 20 ಜೌಲ್ ಹೀರಿಕೊಳ್ಳಬೇಕು. ಬೋಲ್ಟ್‌ಗೆ ಎ320 ಎಲ್7. ವೆಲ್ಡಿಂಗ್ ವಿಧಾನಕ್ಕೂ ಅದೇ ತಾಪದ ಇಂಪ್ಯಾಕ್ಟ್ ಪರೀಕ್ಷೆ ಇರಬೇಕು. ಪೈಪ್ ಎಲ್ಲ ಲೋ ಟೆಂಪರೇಚರ್ ಗ್ರೇಡ್, ನಡುವೆ ಡ್ರೇನ್‌ಗೆ ಹಾಕಿದ ಒಂದು ಸಣ್ಣ ಕಪ್ಲಿಂಗ್ ಮಾತ್ರ ಎ105 ಆಗಿದ್ದರೆ ಇಡೀ ಲೈನ್ ಎ105ರ ಮಿತಿಗೇ ಬಂತು. ಸಣ್ಣ ಫಿಟ್ಟಿಂಗ್‌ಗಳು ಸ್ಟೋರ್ಸ್‌ನ ಡಬ್ಬದಲ್ಲಿ ಒಂದಕ್ಕೊಂದು ಸೇರಿಹೋಗುತ್ತವೆ. ಸ್ಪೆಕ್ ಬರೆದವರು ಎಷ್ಟೇ ಎಚ್ಚರ ಇದ್ದರೂ ತಪ್ಪು ಆಗುವುದು ಆ ಡಬ್ಬದ ಹತ್ತಿರ.

ಈಗ ಎರಡನೇ ಪ್ರಶ್ನೆಗೆ ಬರೋಣ: ಒಳಗೆ ಹರಿಯುವ ದ್ರವ. ಬಿ31.3 ಇಲ್ಲಿ ಬಹಳ ಪ್ರಾಮಾಣಿಕವಾಗಿದೆ. ಸರ್ವಿಸ್‌ನಲ್ಲಿ ಸವೆತ ತಡೆಯುವಂಥ ಮೆಟೀರಿಯಲ್ ಆರಿಸುವುದು ತನ್ನ ವ್ಯಾಪ್ತಿಗೆ ಬರುವುದಿಲ್ಲ ಅಂತ ತಾನೇ ಹೇಳುತ್ತದೆ. ಕೋಷ್ಟಕ ಬಲವನ್ನು ಹೇಳುತ್ತದೆ, ಆಯುಷ್ಯವನ್ನು ಹೇಳುವುದಿಲ್ಲ. ಅದು ಪ್ಲಾಂಟ್‌ನವರ, ವಿನ್ಯಾಸ ಮಾಡಿದವರ ಜವಾಬ್ದಾರಿ.

ಮತ್ತೆ ದ್ರವಗಳು ನಮ್ಮ ಅಂದಾಜಿಗೆ ಸಿಗುವುದಿಲ್ಲ. ಟೈಟಾನಿಯಂ ಒದ್ದೆ ಕ್ಲೋರಿನ್‌ನಲ್ಲಿ ಚೆನ್ನಾಗಿ ಬಾಳುತ್ತದೆ. ಒಣ ಕ್ಲೋರಿನ್‌ನಲ್ಲಿ ಹೊತ್ತಿ ಉರಿಯಬಹುದು. ಕಾರ್ಬನ್ ಸ್ಟೀಲ್ ಸರಿಯಾಗಿ ಇದರ ಉಲ್ಟಾ: ಒಣ ಕ್ಲೋರಿನ್‌ಗೆ ಸರಿ, ನೀರು ಸೇರಿದರೆ ಕರಗಿಹೋಗುತ್ತದೆ. ಹಿತ್ತಾಳೆ ನೀರಿಗೆ ಒಳ್ಳೆಯದು, ಅಮೋನಿಯಾ ಸೋಕಿದರೆ ಬಿರುಕು ಬಿಡುತ್ತದೆ. 304, 316 ಸ್ಟೇನ್‌ಲೆಸ್‌ಗೆ ಕ್ಲೋರೈಡ್ ಮತ್ತು ಸುಮಾರು 60 ಡಿಗ್ರಿ ದಾಟಿದ ಬಿಸಿ ಎರಡೂ ಸೇರಿದರೆ ಸ್ಟ್ರೆಸ್ ಕೊರೋಶನ್ (ಎಳೆತ, ಸವೆತ ಎರಡೂ ಸೇರಿದ) ಬಿರುಕಿನ ಅಪಾಯ. ಕ್ಲೋರೈಡ್ ಒಳಗಿನ ದ್ರವದಿಂದಲೇ ಬರಬೇಕೆಂದಿಲ್ಲ. ನೆನೆದ ಇನ್ಸುಲೇಶನ್‌ನಿಂದ ಹೊರಗಿನಿಂದಲೂ ಬರುತ್ತದೆ.

ಹೈಡ್ರೋಜನ್ ಸಲ್ಫೈಡ್ ಇದ್ದರೆ ಗಡಸುತನದ ಲೆಕ್ಕ ಶುರುವಾಗುತ್ತದೆ. ತೈಲ, ಅನಿಲ ಉತ್ಪಾದನೆಗೆ ಎನ್‌ಎಸಿಇ ಎಂಆರ್0175 ಅನ್ನುವ ಸ್ಟ್ಯಾಂಡರ್ಡ್ ಇದೆ, ಅದೇ ಐಎಸ್‌ಒ 15156. ಅನಿಲದಲ್ಲಿ ಹೈಡ್ರೋಜನ್ ಸಲ್ಫೈಡ್‌ನ ಪಾರ್ಶಿಯಲ್ ಪ್ರೆಶರ್ (ಒಟ್ಟು ಒತ್ತಡದಲ್ಲಿ ಅದರ ಪಾಲು) 0.3 ಕಿಲೋಪಾಸ್ಕಲ್ ಮುಟ್ಟಿದರೆ ಲೈನ್ ಸೋರ್ (ಇಂಗ್ಲಿಷಿನ sour, ಅಂದರೆ ಹೈಡ್ರೋಜನ್ ಸಲ್ಫೈಡ್‌ನಿಂದ ಗಡಸು ಲೋಹ ಬಿರುಕು ಬಿಡಬಹುದಾದ ಕಡೆ) ಅಂತ ಲೆಕ್ಕ. ಅಲ್ಲಿ ಕಾರ್ಬನ್ ಸ್ಟೀಲ್‌ನ ಗಡಸುತನ ರಾಕ್‌ವೆಲ್ ಸಿ ಮಾಪಕದಲ್ಲಿ 22 ದಾಟಬಾರದು, ನಿಕ್ಕಲ್ ಶೇಕಡಾ 1ಕ್ಕಿಂತ ಕಡಿಮೆ ಇರಬೇಕು. ಎಲ್ಬೋಗಳನ್ನು ತಣ್ಣಗೆ ಬಗ್ಗಿಸಿ ಮಾಡಿದ್ದರೆ ಗಡಸುತನ ಏರಿರುತ್ತದೆ, ಹೀಟ್ ಟ್ರೀಟ್‌ಮೆಂಟ್ ದಾಖಲೆ ಕೇಳಲೇಬೇಕು. ಪೈಪಿಗೆ ಕೇಳಿ, ಫಿಟ್ಟಿಂಗ್‌ಗೆ ಕೇಳದೆ ಬಿಡುವುದನ್ನು ಜಾಸ್ತಿ ನೋಡುತ್ತೇನೆ.

ಸಲ್ಫರ್ ಇರುವ ಬಿಸಿ ಎಣ್ಣೆಯಲ್ಲಿ ಸ್ಟೀಲ್‌ನ ಸಿಲಿಕಾನ್ ಅಂಶ ಮುಖ್ಯ, ಅದು ಕಡಿಮೆ ಇದ್ದರೆ ಸ್ಟೀಲ್ ಬೇಗ ಸವೆಯುತ್ತದೆ. 2012ರ ಆಗಸ್ಟ್ 6ರಂದು ಕ್ಯಾಲಿಫೋರ್ನಿಯಾದ ರಿಚ್ಮಂಡ್ ರಿಫೈನರಿಯಲ್ಲಿ 8 ಇಂಚಿನ ಲೈನ್ ಒಡೆದು ಬೆಂಕಿ ಬಿತ್ತು. ಸುತ್ತಮುತ್ತಲಿನ ಸುಮಾರು 15,000 ಜನ ಚಿಕಿತ್ಸೆಗೆ ಹೋದರು. ಒಡೆದದ್ದು 52 ಇಂಚು ಉದ್ದದ ಒಂದು ಪೈಪ್ ತುಂಡು. ಅದರಲ್ಲಿ ಸಿಲಿಕಾನ್ ಶೇಕಡಾ 0.01. ಅದಕ್ಕೆ ಅಂಟಿಕೊಂಡಿದ್ದ ಎಲ್ಬೋದಲ್ಲಿ ಶೇಕಡಾ 0.16. ಇಲ್ಲಿ ಫಿಲಡೆಲ್ಫಿಯಾಕ್ಕೆ ಉಲ್ಟಾ: ಎಲ್ಬೋ ಉಳಿಯಿತು, ಪೈಪ್ ಸವೆಯಿತು. ಎಲ್ಬೋ ಮೇಲೆ ದಪ್ಪ ಅಳೆದವರಿಗೆ ಲೈನ್ ಆರೋಗ್ಯವಾಗಿದೆ ಅಂತಲೇ ಕಂಡಿತ್ತು. ಎ53 ಪೈಪಿಗೆ ಸಿಲಿಕಾನ್ ಕನಿಷ್ಠ ಮಿತಿ ಇಲ್ಲ. ಎ106ಕ್ಕೆ ಕನಿಷ್ಠ 0.10 ಬೇಕು. ಎರಡೂ ಕೋಡ್ ಪಟ್ಟಿಯಲ್ಲಿವೆ, ಎರಡೂ "ಗ್ರೇಡ್ ಬಿ".

ಇಷ್ಟೆಲ್ಲ ಯೋಚಿಸಿ ಆರಿಸಿದ ಮೇಲೆ ಆ ಮೆಟೀರಿಯಲ್ಲೇ ಲೈನಿಗೆ ಹೋಗಿದೆ ಅಂತ ಹೇಗೆ ಗೊತ್ತು?

2005ರ ಜುಲೈ 28. ಟೆಕ್ಸಸ್ ಸಿಟಿಯ ಬಿಪಿ ರಿಫೈನರಿ. ಅದೇ ವರ್ಷ ಮಾರ್ಚ್‌ನಲ್ಲಿ 15 ಜನರನ್ನು ಬಲಿ ತೆಗೆದುಕೊಂಡ ಸ್ಫೋಟ ಆಗಿದ್ದ ಅದೇ ಜಾಗ. ಈ ಸಲ ಹೈಡ್ರೋಜನ್ ಲೈನಿನ ಎಲ್ಬೋ ಒಡೆದು ದೊಡ್ಡ ಬೆಂಕಿ ಬಿತ್ತು. ಒಬ್ಬರಿಗೆ ಸಣ್ಣ ಗಾಯ, ನಷ್ಟ ಸುಮಾರು 3 ಕೋಟಿ ಡಾಲರ್. ಅಲ್ಲಿ ಮೂರು ಎಲ್ಬೋಗಳಿದ್ದವು. ಎರಡು ಶೇಕಡಾ 1.25 ಕ್ರೋಮಿಯಂ ಇರುವ ಅಲಾಯ್, ಒಂದು ಕಾರ್ಬನ್ ಸ್ಟೀಲ್. ಮೂರರದ್ದೂ ಅಳತೆ ಒಂದೇ, ನೋಡಲೂ ಒಂದೇ. ರಿಪೇರಿಗೆ ಬಿಚ್ಚಿ ಮತ್ತೆ ಜೋಡಿಸುವಾಗ ಕಾರ್ಬನ್ ಸ್ಟೀಲ್‌ನದ್ದು ಅಲಾಯ್ ಇರಬೇಕಾದ ಬಿಸಿ ಜಾಗಕ್ಕೆ ಹೋಯಿತು. ಆ ಬಿಸಿಯಲ್ಲಿ, ಆ ಒತ್ತಡದಲ್ಲಿ ಹೈಡ್ರೋಜನ್ ಉಕ್ಕಿನೊಳಗೆ ನುಗ್ಗುತ್ತದೆ. ಅಲ್ಲಿನ ಕಾರ್ಬೈಡ್ ಜೊತೆ ಸೇರಿ ಮೀಥೇನ್ ಆಗುತ್ತದೆ. ಮೀಥೇನ್ ಅಣು ದೊಡ್ಡದು, ಹೊರಬರಲಾಗದೆ ಒಳಗೇ ಒತ್ತಡ ಕಟ್ಟಿ ಲೋಹವನ್ನು ಸೀಳುತ್ತದೆ. ಕ್ರೋಮಿಯಂ, ಮಾಲಿಬ್ಡಿನಂ ಇದ್ದರೆ ಅವು ಇಂಗಾಲವನ್ನು ಬಿಗಿಯಾಗಿ ಹಿಡಿದಿರುತ್ತವೆ. ಯಾವ ಸ್ಟೀಲ್ ಎಷ್ಟು ತಾಪ, ಎಷ್ಟು ಹೈಡ್ರೋಜನ್ ಒತ್ತಡ ತಡೆಯುತ್ತದೆ ಅಂತ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಹೊರತಂದ 941ರ ನೆಲ್ಸನ್ ಕರ್ವ್‌ಗಳಲ್ಲಿ ಇದೆ. ವಿನ್ಯಾಸ ಮಾಡಿದವರು ಸರಿಯಾಗಿಯೇ ಆರಿಸಿದ್ದರು. ಬಿಚ್ಚುವಾಗ ಎಲ್ಬೋಗಳ ಮೇಲೆ ಒಂದು ಗುರುತು ಹಾಕಿ, ಜೋಡಿಸಿದ ಮೇಲೆ ಪಿಎಂಐ ಗನ್ (ಲೋಹದಲ್ಲಿ ಏನೇನಿದೆ ಅಂತ ಸ್ಥಳದಲ್ಲೇ ತೋರಿಸುವ ಯಂತ್ರ) ಹಿಡಿದಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಫಿಟ್ಟಿಂಗ್ ಕೈಗೆ ಬಂದರೆ ನಾನು ಮೊದಲು ಅದರ ಮೈ ಮೇಲಿನ ಅಕ್ಷರ ಓದುತ್ತೇನೆ. ಇಲ್ಲಿ ಮೇಜಿನ ಮೇಲಿರುವ 6 ಇಂಚಿನ ಎಲ್ಬೋ ನೋಡಿ. ತಯಾರಕರ ಗುರುತು ಇದೆ. ಡಬ್ಲ್ಯುಪಿಬಿ ಅಂತ ಇದೆ. ಪಕ್ಕದಲ್ಲಿ ಎಸ್ ಅಂತ ಇದ್ದರೆ ಸೀಮ್‌ಲೆಸ್, ಡಬ್ಲ್ಯು ಇದ್ದರೆ ವೆಲ್ಡ್ ಮಾಡಿದ್ದು, ಡಬ್ಲ್ಯುಎಕ್ಸ್ ಇದ್ದರೆ ವೆಲ್ಡ್‌ಗೆ ರೇಡಿಯಾಗ್ರಫಿ ಆಗಿದೆ. ಆಮೇಲೆ ಅಳತೆ, ಷೆಡ್ಯೂಲ್, ಹೀಟ್ ಕೋಡ್ (ಒಂದೇ ಸಲ ಕರಗಿಸಿದ ಲೋಹದ ಗುರುತು). ಆ ಹೀಟ್ ಕೋಡ್ ಎಂಟಿಸಿಯಲ್ಲಿ (ತಯಾರಕರ ಪರೀಕ್ಷಾ ಪತ್ರದಲ್ಲಿ) ಇರುವ ಹೀಟ್ ನಂಬರ್‌ಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಆಮೇಲೆ ಪತ್ರದೊಳಗೆ ಹೋಗಿ. ಡಬ್ಲ್ಯುಪಿಬಿ ಆದರೆ ಇಂಗಾಲ ಗರಿಷ್ಠ 0.30, ಮ್ಯಾಂಗನೀಸ್ 0.29ರಿಂದ 1.06, ಸಿಲಿಕಾನ್ ಕನಿಷ್ಠ 0.10. ಟೆನ್ಸೈಲ್ 415ರಿಂದ 585 ಮೆಗಾಪಾಸ್ಕಲ್, ಯೀಲ್ಡ್ ಕನಿಷ್ಠ 240. ತಾಮ್ರ, ನಿಕ್ಕಲ್ ಕಾಲಂ ಖಾಲಿ ಬಿಟ್ಟಿದ್ದರೆ ಯಾಕೆ ಅಂತ ಕೇಳಿ. ಯುರೋಪಿನ ಸ್ಟ್ಯಾಂಡರ್ಡ್ ಇಎನ್ 10204ರ 3.1 ಪತ್ರ ಆದರೆ ತಯಾರಕರದ್ದೇ ಆದರೂ ಉತ್ಪಾದನಾ ವಿಭಾಗಕ್ಕೆ ಸೇರದ ಅಧಿಕಾರಿ ಸಹಿ ಮಾಡಿರಬೇಕು. 3.2 ಆದರೆ ಹೊರಗಿನ ಇನ್‌ಸ್ಪೆಕ್ಟರ್ ಕೂಡ.

ಪತ್ರ ಇದೆ ಅಂದರೆ ಮುಗಿಯಿತಾ? ಇಲ್ಲ. 1988ರಲ್ಲಿ ಅಮೆರಿಕದ ಪರಮಾಣು ನಿಯಂತ್ರಣ ಆಯೋಗ 88-05 ಅನ್ನುವ ಬುಲೆಟಿನ್ ಹೊರಡಿಸಿತು. ಪರಮಾಣು ಸ್ಥಾವರಗಳಿಗೆ ಫಿಟ್ಟಿಂಗ್, ಫ್ಲ್ಯಾಂಜ್ ಪೂರೈಸಿದ ಕಂಪನಿಗಳ ಪರೀಕ್ಷಾ ಪತ್ರಗಳೇ ಸುಳ್ಳು ಅಂತ ಗೊತ್ತಾಗಿತ್ತು. ಅಷ್ಟು ಬಿಗಿ ತಪಾಸಣೆ ಇರುವ ಕಡೆಯೇ ಹೀಗಾದರೆ ಉಳಿದ ಕಡೆ ಎಷ್ಟು ಎಚ್ಚರ ಬೇಕು ಹೇಳಿ. ಹಾಗಾಗಿ ಪತ್ರ, ಅಕ್ಷರ, ಯಂತ್ರ ಈ ಮೂರೂ ಒಂದೇ ಮಾತು ಹೇಳಬೇಕು. ಅಲಾಯ್ ಲೈನ್ ಆದರೆ ಪಿಎಂಐ ಸ್ಯಾಂಪಲ್ ಲೆಕ್ಕದಲ್ಲಿ ಬೇಡ, ಪ್ರತಿಯೊಂದಕ್ಕೂ ಮಾಡಿ. ಇದನ್ನು ಹೇಗೆ ನಡೆಸಬೇಕು ಅಂತ ಎಪಿಐ 578 ವಿವರವಾಗಿ ಹೇಳುತ್ತದೆ.

ಇನ್ನು ಪ್ರಶ್ನೆಗಳು.

ಮೊದಲನೆಯದು: "ಸ್ಪೆಕ್‌ನಲ್ಲಿ 304ಎಲ್ ಇದೆ. ಬಂದಿರುವ ಫಿಟ್ಟಿಂಗ್ ಮೇಲೆ 304, 304ಎಲ್ ಎರಡೂ ಬರೆದಿದೆ. ಪಿಎಂಐ ಗನ್ 304 ಅನ್ನುತ್ತದೆ. ಯಾವುದನ್ನು ನಂಬಬೇಕು?"

ಒಳ್ಳೆ ಪ್ರಶ್ನೆ. ಎರಡೂ ಬರೆದಿದ್ದರೆ ಅದು ಡ್ಯುಯಲ್ ಸರ್ಟಿಫೈಡ್. ಇಂಗಾಲ ಎಲ್ ಗ್ರೇಡ್‌ನಷ್ಟು ಕಡಿಮೆ, ಬಲ ಮಾತ್ರ 304ರಷ್ಟು. ಇಂಥದ್ದು ಈಗ ಮಾಮೂಲಿ. ಇನ್ನು ಗನ್‌ನ ಮಾತು. ಕೈಯಲ್ಲಿ ಹಿಡಿಯುವ, ಎಕ್ಸ್‌ರೇ ಬಳಸುವ ಎಕ್ಸ್‌ಆರ್‌ಎಫ್ ಗನ್ ಇಂಗಾಲವನ್ನು ಅಳೆಯಲಾರದು. ಅಷ್ಟು ಹಗುರ ಮೂಲವಸ್ತುವಿನ ಸಂಕೇತ ಅದಕ್ಕೆ ಸಿಗುವುದಿಲ್ಲ. 304 ಮತ್ತು 304ಎಲ್ ನಡುವೆ ಮುಖ್ಯ ವ್ಯತ್ಯಾಸವೇ ಇಂಗಾಲ. ಆದ್ದರಿಂದ ಆ ಗನ್ 304 ಅಂದರೆ ಅದರರ್ಥ "ಈ ಕುಟುಂಬದ್ದು" ಅಂತ ಮಾತ್ರ. ಇಂಗಾಲ ಗೊತ್ತಾಗಬೇಕಾದರೆ ಕಿಡಿ ಹೊಡೆಸಿ ಬೆಳಕು ಓದುವ ಓಇಎಸ್‌ನಂಥ ಯಂತ್ರ ಬೇಕು. ಎಂಟಿಸಿಯಲ್ಲಿ ಇಂಗಾಲ 0.030ರೊಳಗೆ ಇದೆಯಾ ನೋಡಿ, ಅನುಮಾನ ಇದ್ದರೆ ಓಇಎಸ್ ಮಾಡಿಸಿ. ವೆಲ್ಡಿಂಗ್ ಇರುವ, ಕೊರೋಶನ್ ಇರುವ ಲೈನಿಗೆ ಇದು ಮುಖ್ಯ. ಇಂಗಾಲ ಜಾಸ್ತಿ ಇದ್ದರೆ ವೆಲ್ಡ್ ಪಕ್ಕದಲ್ಲಿ ಕ್ರೋಮಿಯಂ ಕಾರ್ಬೈಡ್ ಕಟ್ಟಿ, ಆ ಅಂಚು ತುಕ್ಕಿಗೆ ಬಲಿಯಾಗುತ್ತದೆ.

ಎರಡನೆಯದು, ಮೇಂಟೆನೆನ್ಸ್‌ನವರೊಬ್ಬರದು: "ಸ್ಟೋರ್ಸ್‌ನಲ್ಲಿ ಗುರುತಿಲ್ಲದ, ಪತ್ರ ಇಲ್ಲದ ಟೀಗಳು ತುಂಬಾ ಇವೆ. ಶಟ್‌ಡೌನ್ ಹತ್ತಿರ ಬಂದಿದೆ. ಪಿಎಂಐ ಮಾಡಿ, ರಸಾಯನ ಎ105ಕ್ಕೆ ಹೊಂದಿದರೆ ಹಾಕಬಹುದಾ?"

ಬೇಡ. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ, ಶಟ್‌ಡೌನ್‌ನಲ್ಲಿ ಒಂದೊಂದು ಗಂಟೆಗೂ ಲೆಕ್ಕ ಇರುತ್ತದೆ. ಆದರೂ ಬೇಡ. ರಸಾಯನ ಹೊಂದಿದ ಮಾತ್ರಕ್ಕೆ ಅದು ಎ105 ಆಗುವುದಿಲ್ಲ. ಅದು ಫೋರ್ಜ್ ಆದದ್ದಾ, ಬಾರ್‌ನಿಂದ ಕೊರೆದದ್ದಾ ಗೊತ್ತಿಲ್ಲ. ಯಾವ ಹೀಟ್ ಟ್ರೀಟ್‌ಮೆಂಟ್ ಆಗಿದೆ ಗೊತ್ತಿಲ್ಲ. ಯೀಲ್ಡ್, ಟೆನ್ಸೈಲ್ ಗೊತ್ತಿಲ್ಲ. ಒಂದು ಟೀ ಕತ್ತರಿಸಿ ಪರೀಕ್ಷೆ ಮಾಡಿದರೂ ಉಳಿದವು ಅದೇ ಹೀಟ್‌ನವು ಅನ್ನುವುದಕ್ಕೆ ಆಧಾರ ಇಲ್ಲ. ಕೋಡ್ ಇವನ್ನು ಗೊತ್ತಿಲ್ಲದ ಮೆಟೀರಿಯಲ್ ಅನ್ನುತ್ತದೆ, ಒತ್ತಡದ ಕೆಲಸಕ್ಕೆ ಪೂರ್ತಿ ಬಾಗಿಲು ಹಾಕುತ್ತದೆ. ಮೊದಲು ಹಳೆಯ ಖರೀದಿ ದಾಖಲೆ ಹುಡುಕಿ. ಮೈ ಮೇಲೆ ಅರ್ಧ ಅಳಿಸಿದ ಹೀಟ್ ಕೋಡ್ ಇದ್ದರೂ ತಯಾರಕರಿಂದ ಎಂಟಿಸಿ ಮತ್ತೆ ತರಿಸಬಹುದು. ಅದೂ ಸಿಗದಿದ್ದರೆ ಆ ಟೀಗಳನ್ನು ಒಳ್ಳೆಯ ಮಾಲಿನ ಕಪಾಟಿನಿಂದ ಇವತ್ತೇ ಹೊರಗೆ ತೆಗೆಸಿ. ಬೇರೆ ಡಬ್ಬಕ್ಕೆ ಹಾಕಿ ಲೇಬಲ್ ಅಂಟಿಸಿದರೆ ಸಾಲದು, ರಾತ್ರಿ ಪಾಳಿಯಲ್ಲಿ ಯಾರೋ ಅವಸರಕ್ಕೆ ಎತ್ತಿಕೊಂಡು ಹೋಗುತ್ತಾರೆ. ಗ್ರೈಂಡರ್ ಹಿಡಿದು ಪ್ರತಿಯೊಂದನ್ನೂ ಎರಡು ತುಂಡು ಮಾಡಿ, ಆಮೇಲೆ ಗುಜರಿಗೆ ಕಳಿಸಿ. ಹೊಸ ಟೀಗಳ ಆರ್ಡರ್ ಇವತ್ತೇ ಹಾಕಿ. ಅದರಲ್ಲಿ ಸ್ಪೆಸಿಫಿಕೇಶನ್, ಗ್ರೇಡ್, ಕ್ಲಾಸ್, ಬಿ16.11, 3.1 ಪತ್ರ ಐದನ್ನೂ ಬರೆಯಿರಿ.